ಹುರುಳಿಯ ಮಾತು

ನಮ್ಮ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಇಳಿದುಬಂದ ಆಸ್ತಿ ಎರಡೇ. ಒಂದು, ವಸ್ತಾರೆಯ ಬಳಿಯ ಸಣ್ಣ ಕಾಫಿ ತೋಟ, ಇನ್ನೊಂದು, ಹೊಟ್ಟೆನೋವು. ತೋಟ ಪಾಲಾಗಿ ಪಾಲಾಗಿ ಈಗ ನಾಲ್ಕು ಎಕರೆಗೆ ಬಂದು ನಿಂತಿದೆ. ಹೊಟ್ಟೆನೋವು ಮಾತ್ರ ಅವಿಭಕ್ತವಾಗಿಯೇ ಉಳಿದಿದೆ. ನಮ್ಮ ಅಜ್ಜನವರು ಊಟ ಮುಗಿಸಿದ ಎರಡು ಗಂಟೆಗೆ ಸರಿಯಾಗಿ ಜಗಲಿಯ ಕಂಬಕ್ಕೆ ಒರಗಿ, ಎದೆಗುಂಡಿಗೆಯ ಕೆಳಗೆ ಅಂಗೈಯನ್ನು ಒತ್ತಿ ಹಿಡಿದು ಕುಳಿತುಬಿಡುತ್ತಿದ್ದರಂತೆ. ನಡುರಾತ್ರಿಯಲ್ಲಿ ಎದ್ದು ಎರಡು ತುತ್ತು ಮಜ್ಜಿಗೆಯನ್ನ ಉಂಡರೆ ನೋವು ಶಮನವಾಗುತ್ತಿತ್ತಂತೆ. ಆಯುರ್ವೇದದವರು ಇಂಥದಕ್ಕೆ ಪರಿಣಾಮಶೂಲವೆಂಬ ಸೊಗಸಾದ ಹೆಸರಿಟ್ಟಿದ್ದಾರೆ. ಪರಿಣಾಮವೆಂದರೆ ಇಲ್ಲಿ ಉಂಡದ್ದು ಜೀರ್ಣವಾಗುವ ಹೊತ್ತು. ಅಲೋಪತಿಯವರು ಅಲ್ಸರ್ ಎನ್ನುತ್ತಾರೆ. ನಮ್ಮ ಊರಿನವರಿಗೆ ಅದು ಬರಿಯ ಹೊಟ್ಟೆಹುಣ್ಣು.

ಈ ಹುಣ್ಣಿಗೆ ಕಾರಣ ಕಾಫಿಯೆಂಬುದರಲ್ಲಿ ಬಂಧುಬಳಗದ ಯಾರಿಗೂ ಸಂಶಯವಿರಲಿಲ್ಲ. "ತೋಟದವರಿಗೆ ಹೊಟ್ಟೆಹುಣ್ಣು ಬರದೆ ಇನ್ನಾರಿಗೆ ಬರಬೇಕು?" ಎಂದು ಬಯಲುಸೀಮೆಯ ನೆಂಟರು ನಮ್ಮ ಮನೆಯ ಕಾಫಿಯನ್ನೇ ಲೋಟಗಟ್ಟಲೆ ಕುಡಿಯುತ್ತ ಹೇಳುತ್ತಿದ್ದರು. ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಐತಿಹ್ಯ. ಬೀಜದೊಡನೆ ಹುಣ್ಣನ್ನೂ ತಂದರೆಂದು ಯಾರೂ ಬರೆದಿಲ್ಲ. ಕಾಫಿ ಜಠರದಲ್ಲಿ ಆಮ್ಲ ಸ್ರವಿಸುವಂತೆ ಪ್ರಚೋದಿಸುವುದೇನೋ ನಿಜ. ಆದರೆ ಜಪಾನಿನಲ್ಲಿ 8,013 ಮಂದಿಯನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಫಿ ಕುಡಿಯುವುದಕ್ಕೂ ಹುಣ್ಣಿಗೂ ಯಾವ ನಂಟೂ ಕಂಡುಬರಲಿಲ್ಲ. ಇದನ್ನು ನಾನು ಓದಿದ್ದು ಬಹಳ ತಡವಾಗಿ. ಅಷ್ಟರಲ್ಲಿ ನಮ್ಮ ತಂದೆಯವರು ತಾವೇ ಬೆಳೆದ ಕಾಫಿಯನ್ನು ಎರಡು ವರ್ಷ ಮುಟ್ಟದೆ, ಮನೆಯಲ್ಲಿ ಬೀಜ ಹುರಿಯುವ ದಿನ ತೋಟದ ಮೇಲ್ಗಡೆಯ ತುದಿಗೆ ಹೋಗಿ ಕುಳಿತುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದರು.

ಕಾಫಿ ಬಿಟ್ಟರೂ ನೋವು ಬಿಡಲಿಲ್ಲ. ಆಗಲೇ ನಾನು ಈ ಪ್ರಕರಣದಲ್ಲಿ ಪ್ರವೇಶಿಸಿದ್ದು.

ನಾನು ಮೈಸೂರಿನಲ್ಲಿ ಕನ್ನಡ ಪಾಠ ಹೇಳುವವನು. ಈ ವೃತ್ತಿಯವರಿಗೆ ಶಬ್ದದ ಮೂಲ ತಿಳಿದರೆ ವಸ್ತುವಿನ ಗುಣವೂ ತಿಳಿದಂತೆಯೇ ಎಂಬ ಒಂದು ಭ್ರಮೆ ಇರುತ್ತದೆ. ಜೇಷ್ಠಮಧುವೆಂಬ ಹೆಸರು ನನ್ನನ್ನು ಬಹುಕಾಲದಿಂದ ಆಕರ್ಷಿಸಿತ್ತು. ಅದು ಹಿರಿಯ ಜೇನೂ ಅಲ್ಲ, ಜ್ಯೇಷ್ಠ ಮಾಸದ ಜೇನೂ ಅಲ್ಲ. ಸಂಸ್ಕೃತದ ಯಷ್ಟಿಮಧು ಜನರ ಬಾಯಲ್ಲಿ ಹಾಗಾಗಿದೆ. ಯಷ್ಟಿಯೆಂದರೆ ಕೋಲು, ಸಿಹಿಯಾದ ಕೋಲು. ಗ್ರೀಕರೂ ಅದನ್ನು ಸಿಹಿಬೇರು ಎಂದೇ ಕರೆದರು; ಆ ಗ್ರೀಕ್ ಹೆಸರೇ ಅದರ ಸತ್ತ್ವವಾದ ಗ್ಲಿಸಿರೈಜಿನ್ ಎಂಬ ಮಾತಿನಲ್ಲಿ ಇಂದಿಗೂ ಉಳಿದಿದೆ. ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿಯಾದ ವಸ್ತು ಅದು. ಈ ಗಿಡ ನಮ್ಮ ನೆಲದ್ದಲ್ಲ. ಇರಾನ್, ಅಫ್ಘಾನಿಸ್ತಾನಗಳ ಕಡೆಯಿಂದ ಬಂದ ಬೇರು ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಕಟ್ಟಿಗೆಯ ಚೂರಿನಂತೆ ಬಿದ್ದಿರುತ್ತದೆ. ಚರಕಸಂಹಿತೆಯಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. ಇಷ್ಟು ಸಾಲದೆಂಬಂತೆ ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ನನಗೆ ಪಾಶ್ಚಾತ್ಯರ ಸಾಕ್ಷ್ಯವೂ ದೊರಕಿತು. ಹಾಲೆಂಡಿನ ರೆವರ್ಸ್ ಎಂಬ ವೈದ್ಯರು ಜೇಷ್ಠಮಧುವಿನ ಸಾರವನ್ನು ಹೊಟ್ಟೆಹುಣ್ಣಿನ ರೋಗಿಗಳಿಗೆ ಕೊಟ್ಟು ಗುಣ ಕಂಡು 1946ರಲ್ಲಿ ವರದಿ ಮಾಡಿದ್ದರು. ಅದರ ಮೇಲೆ ಇಂಗ್ಲೆಂಡಿನವರು ಆ ಬೇರಿನ ಸತ್ತ್ವವನ್ನು ಮಾರ್ಪಡಿಸಿ ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು ತಯಾರಿಸಿದರು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ರಿಚರ್ಡ್ ಡಾಲ್ ಅವರೇ ಅದನ್ನು ರೋಗಿಗಳಲ್ಲಿ ಪರೀಕ್ಷಿಸಿ 1962ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಠರದ ಹುಣ್ಣು ನಿಜವಾಗಿಯೂ ಮಾಯುತ್ತಿತ್ತು. ಆಮ್ಲವನ್ನು ತಗ್ಗಿಸಿ ಅಲ್ಲ. ಜಠರದ ಒಳಗೋಡೆಯನ್ನು ಕಾಯುವ ಲೋಳೆಯ ಪದರವನ್ನು ದಪ್ಪಗೊಳಿಸಿ.

ನನ್ನ ಆನಂದಕ್ಕೆ ಪಾರವಿರಲಿಲ್ಲ. ದೇವರಾಜ ಮಾರುಕಟ್ಟೆಯ ಬಳಿಯ ಗ್ರಂದಿಗೆ ಅಂಗಡಿಯಿಂದ ಒಂದು ಕಿಲೋ ಬೇರು ಕೊಂಡು, ಪುಡಿ ಮಾಡಿಸಿ, ವಸ್ತಾರೆಗೆ ಒಯ್ದು, ಬೆಳಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ, ಹಾಲಿನಲ್ಲಿ ಎಂದು ಕಟ್ಟಪ್ಪಣೆ ಮಾಡಿ ಬಂದೆ. ತಂದೆಯವರು ಮಗನ ವಿದ್ಯೆಯಿಂದ ಮನೆಗೆ ಇದುವರೆಗೆ ಬಂದ ಮೊದಲನೆಯ ಪ್ರಯೋಜನವಿದೆಂದು ಹೇಳಿ ಡಬ್ಬಿಯನ್ನು ತಮ್ಮ ಮಂಚದ ತಲೆಯ ಕಡೆಯ ಗೂಡಿನಲ್ಲಿ ಇಟ್ಟುಕೊಂಡರು.

ನೋವು ಕಡಮೆಯಾಯಿತು, ಅದನ್ನು ಮರೆಮಾಚಬಾರದು. ಒಂದು ತಿಂಗಳಿಗೆಲ್ಲ ತಂದೆಯವರು ರಾತ್ರಿ ಏಳುವುದು ನಿಂತಿತು. ಎರಡನೆಯ ತಿಂಗಳಿನಲ್ಲಿ ಅಮ್ಮ ಫೋನಿನಲ್ಲಿ, "ನಿಮ್ಮಪ್ಪಯ್ಯನ ಪಾದ ಊದಿದೆ, ಚಪ್ಪಲಿ ಹಿಡಿಸುತ್ತಿಲ್ಲ" ಎಂದರು. ತೋಟದಲ್ಲಿ ಹೆಚ್ಚು ಓಡಾಡಬಾರದೆಂದು ಹೇಳಿಬಿಟ್ಟೆ. ಮೂರನೆಯ ತಿಂಗಳಿನಲ್ಲಿ, ಏರು ಹತ್ತುವಾಗ ಕಾಲಿನಲ್ಲಿ ಬಲವೇ ಇಲ್ಲವಂತೆ ಎಂದರು. ವಯಸ್ಸಾಯಿತಲ್ಲ ಎಂದೆ. ಹೀಗೆ ಪ್ರತಿಯೊಂದಕ್ಕೂ ಉತ್ತರ ನನ್ನಲ್ಲಿ ಸಿದ್ಧವಾಗಿತ್ತು.

ಪುನರ್ವಸು ಮಳೆ ಹಿಡಿದ ದಿನಗಳು. ಬಚ್ಚಲಿಗೆ ಹೋದ ತಂದೆಯವರು ಅಲ್ಲಿಯೇ ಕುಸಿದು ಬಿದ್ದರು. ಮೈಯೆಲ್ಲ ತಣ್ಣಗೆ ಬೆವರಿ, ಮುಖ ಸುಣ್ಣದ ಗೋಡೆಯಂತಾಗಿತ್ತು. ಪಕ್ಕದ ತೋಟದವರ ಜೀಪಿನಲ್ಲಿ ಅವರನ್ನು ಚಿಕ್ಕಮಗಳೂರಿಗೆ ಕರೆದೊಯ್ದು, ನನಗೆ ಸುದ್ದಿ ಮುಟ್ಟಿಸಿದರು. ನಾನು ಬಂದು ನೋಡುವ ಹೊತ್ತಿಗೆ ಎರಡು ಬಾಟಲಿ ರಕ್ತ ಕೊಟ್ಟಾಗಿತ್ತು. ಜಠರದ ಹುಣ್ಣಿನಿಂದ ರಕ್ತ ಸೋರಿತ್ತು. ಮೂರು ದಿನಗಳಿಂದ ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿತ್ತಂತೆ. ಮಳೆಗಾಲದ ಮೊದಲ ಪತ್ರೊಡೆ ತಿಂದದ್ದರಿಂದ ಹಾಗಾಗಿದೆಯೆಂದು ತಂದೆಯವರು ಸುಮ್ಮನಿದ್ದರು. ಹಾಗೆ ಕಪ್ಪಾಗುವುದು ಹೊಟ್ಟೆಯೊಳಗೆ ಸುರಿದ ರಕ್ತ ಆಮ್ಲದಲ್ಲಿ ಬೆಂದ ಬಣ್ಣವೆಂದೂ, ಕಂಡ ದಿನವೇ ವೈದ್ಯರಲ್ಲಿಗೆ ಓಡಬೇಕೆಂದೂ ನಮ್ಮ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಸಾಲದ್ದಕ್ಕೆ ನೋವಿಲ್ಲ, ನೋವಿಲ್ಲದ ಮೇಲೆ ಹುಣ್ಣೂ ಇಲ್ಲವೆಂದೇ ನಮ್ಮೆಲ್ಲರ ನಂಬುಗೆ.

ವೈದ್ಯರು ಯುವಕರು, ಮಿತಭಾಷಿಗಳು. ಮೊದಲು ಅವರು ಕೇಳಿದ್ದು ನೋವಿನ ಮಾತ್ರೆಗಳ ವಿಚಾರ. ತಂದೆಯವರು ಇಲ್ಲವೆಂದೇ ತಲೆಯಾಡಿಸಿದರು. ಅಮ್ಮ ಅವರ ರೈನ್‌ಕೋಟಿನ ಜೇಬಿಗೆ ಕೈಹಾಕಿ ಡೈಕ್ಲೊಫಿನಾಕ್ ಮಾತ್ರೆಯ ಒಂದು ಪಟ್ಟಿಯನ್ನು ಹೊರಗೆ ತೆಗೆದಿಟ್ಟರು. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ಕೊಂಡು ನಾಲ್ಕು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆ ಅದು. ಆಸ್ಪಿರಿನ್ ಮತ್ತು ಅದರ ಬಳಗದ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯ ದೇಹದಲ್ಲಿ ಹುಟ್ಟದಂತೆ ತಡೆದು ನೋವನ್ನು ಕಳೆಯುತ್ತವೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಆ ಕೆಲಸಕ್ಕಾಗಿ 1982ರಲ್ಲಿ ಅವರಿಗೆ ನೊಬೆಲ್ ಬಂತು. ಜಠರದ ಲೋಳೆಯನ್ನು ಸದಾ ಹೊಸದಾಗಿ ಇರಿಸುವುದೂ ಅದೇ ದ್ರವ್ಯವೇ. ಮಂಡಿಯ ಬೆಂಕಿಯನ್ನು ಆರಿಸಹೋಗಿ ಹೊಟ್ಟೆಯ ಸೂರನ್ನು ಕಿತ್ತಂತಾಗಿತ್ತು.

ಮೂರನೆಯ ದಿನ ತಂದೆಯವರು ಸುಧಾರಿಸಿಕೊಂಡರು. ಆದರೆ ಅವರ ರಕ್ತದ ಒತ್ತಡ ವಿಪರೀತ ಏರತೊಡಗಿತು. ರಕ್ತದಲ್ಲಿ ಪೊಟಾಸಿಯಂ ತೀರ ಕೆಳಗಿತ್ತು. ವೈದ್ಯರು ನನ್ನನ್ನು ಹೊರಗೆ ಕರೆದರು.

"ಇನ್ನೇನಾದರೂ ಔಷಧ ತೆಗೆದುಕೊಳ್ಳುತ್ತಿದ್ದರೇ?"

"ಔಷಧವೇನೂ ಇಲ್ಲ ಸಾರ್, ಜೇಷ್ಠಮಧು ಅಷ್ಟೆ."

"ಎಷ್ಟು ದಿನದಿಂದ?"

"ಮೂರು ತಿಂಗಳು."

"ಯಾರು ಹೇಳಿದ್ದು?"

"ನಾನೇ ಸಾರ್."

"ನೀವು ಏನು ಕೆಲಸ ಮಾಡುತ್ತೀರಿ?"

"ಕನ್ನಡ ಲೆಕ್ಚರರು."

ವೈದ್ಯರು ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೈಸೂರಿಗೆ ಹಿಂದಿರುಗಿದ ಮೇಲೆ ಆ ಹಳೆಯ ಪುಸ್ತಕವನ್ನು ಮತ್ತೆ ತೆಗೆದೆ. ನಾನು ಓದಿ ಕುಣಿದಾಡಿದ ವಾಕ್ಯದ ಕೆಳಗೇ, ಅದೇ ಪುಟದಲ್ಲಿ, ರೆವರ್ಸ್ ಅವರ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಖವೂ ಕೈಕಾಲೂ ಊದಿಕೊಂಡವೆಂಬ ಮಾತು ಇತ್ತು. ಕಾರ್ಬೆನಾಕ್ಸೊಲೋನ್ ತೆಗೆದುಕೊಂಡವರಿಗೂ ಇದೇ ಪಾಡು. ಊತ, ರಕ್ತದೊತ್ತಡ, ಪೊಟಾಸಿಯಮ್ಮಿನ ಕೊರತೆ. 1976ರಲ್ಲಿ ಆಮ್ಲವನ್ನೇ ತಗ್ಗಿಸುವ ಸಿಮೆಟಿಡಿನ್ ಬಂದಮೇಲೆ ಆ ಔಷಧ ಮೂಲೆಗೆ ಸರಿಯಿತು. ಕಾರಣವನ್ನೂ ಆಮೇಲೆ ಕಂಡುಹಿಡಿದಿದ್ದಾರೆ. ನಮ್ಮ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡುವ ಅಧಿಕಾರ ಆಲ್ಡೊಸ್ಟೆರೋನ್ ಎಂಬ ಹಾರ್ಮೋನಿಗೆ ಮಾತ್ರ ಸಲ್ಲತಕ್ಕದ್ದು. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಆ ಗದ್ದುಗೆಯನ್ನು ಏರದಂತೆ ಬಾಗಿಲಲ್ಲಿ ಒಂದು ಕಿಣ್ವ ಕಾವಲು ಕುಳಿತಿರುತ್ತದೆ. ಜೇಷ್ಠಮಧುವಿನ ಸತ್ತ್ವ ಆ ಕಾವಲುಗಾರನನ್ನು ಮಲಗಿಸಿಬಿಡುತ್ತದೆ. ಆಮೇಲೆ ಉಪ್ಪೂ ನೀರೂ ದೇಹದಲ್ಲಿ ನಿಲ್ಲುತ್ತವೆ, ಪೊಟಾಸಿಯಂ ಹರಿದುಹೋಗುತ್ತದೆ. ಯುರೋಪಿನ ಆಹಾರ ತಜ್ಞರ ಸಮಿತಿಯೊಂದು 2003ರಲ್ಲಿ, ನಿತ್ಯ ತಿನ್ನುವವರು ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದೆಂದು ಹೇಳಿದೆ. ನನ್ನ ಎರಡು ಚಮಚದ ಲೆಕ್ಕವನ್ನು ರಸಾಯನಶಾಸ್ತ್ರದ ನನ್ನ ಸಹೋದ್ಯೋಗಿ ಒಂದು ಕಾಗದದ ಚೂರಿನ ಮೇಲೆ ಹಾಕಿ ತೋರಿಸಿದಾಗ, ಅದು ಆ ಮಿತಿಯನ್ನು ಎಲ್ಲಿಯೋ ದಾಟಿ ಹೋಗಿತ್ತು.

ಗಿಡಮೂಲಿಕೆಯಲ್ಲಿ ಏನೂ ಇಲ್ಲವೆನ್ನುವವರ ಮೇಲೆ ನನಗೆ ಮೊದಲು ಸಿಟ್ಟಿತ್ತು. ಅದರಲ್ಲಿ ಏನು ಬಂತು, ತೊಂದರೆಯಿಲ್ಲ ತೆಗೆದುಕೊಳ್ಳಿ ಎನ್ನುವವರ ಮೇಲೆ ಈಗ ಅದಕ್ಕಿಂತ ಹೆಚ್ಚು ಸಿಟ್ಟು. ಇಬ್ಬರೂ ಹೇಳುವುದು ಒಂದನ್ನೇ, ಬೇರಿನಲ್ಲಿ ಬಲವಿಲ್ಲವೆಂದು. ಬಲವಿದೆಯೆಂದು ಬಲ್ಲ ಹಳೆಯ ಪಂಡಿತರು ನಾಡಿ ನೋಡದೆ, ಪಥ್ಯ ಹೇಳದೆ ಪುಡಿಯನ್ನು ಕೊಡುತ್ತಿರಲಿಲ್ಲ. ನಾನು ನಾಡಿಯನ್ನೂ ನೋಡಲಿಲ್ಲ, ಕೊಳವೆ ಪಟ್ಟಿ ಕಟ್ಟಿ ಒತ್ತಡವನ್ನೂ ಅಳೆಸಲಿಲ್ಲ, ನಿಘಂಟನ್ನು ನೋಡಿದೆ.

ತಂದೆಯವರ ಹುಣ್ಣಿಗೆ ಇನ್ನೊಬ್ಬ ಪಾಲುದಾರನೂ ಇದ್ದ. ಎಂಡೋಸ್ಕೊಪಿಯಲ್ಲಿ ತೆಗೆದ ಚೂರಿನಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿ ಸಿಕ್ಕಿತು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅದನ್ನು 1982ರಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ, ಅಷ್ಟು ಆಮ್ಲದಲ್ಲಿ ಯಾವ ಜೀವಿ ಬದುಕೀತೆಂದು ಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಕ್ರಿಮಿಯ ದ್ರಾವಣವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ವಾಂತಿ ಮಾಡಿಕೊಂಡು, ತಮ್ಮ ಜಠರ ಉರಿತಗೊಂಡಿರುವುದನ್ನು ತೋರಿಸಿಕೊಟ್ಟರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಗನ ಪುಡಿಯನ್ನು ನಂಬಿ ಕುಡಿದ ನಮ್ಮ ತಂದೆಯವರಿಗೆ ಏನೂ ಬರಲಿಲ್ಲ. ಹದಿನಾಲ್ಕು ದಿನಗಳ ಜೀವಿರೋಧಕ ಮಾತ್ರೆಗಳಿಂದ ಕ್ರಿಮಿ ಹೋಯಿತು, ಆಮ್ಲ ತಗ್ಗಿಸುವ ಮಾತ್ರೆಯಿಂದ ಹುಣ್ಣು ಮಾಯಿತು. ಮೂರು ತಲೆಮಾರಿನ ಅವಿಭಕ್ತ ಆಸ್ತಿ ಎರಡು ವಾರದಲ್ಲಿ ಖರ್ಚಾಗಿ ಹೋದದ್ದು ನೋಡಿ ನನಗೆ ಒಂದು ಕ್ಷಣ ಪಿಚ್ಚೆನಿಸಿತೆಂದರೆ ಓದುಗರು ನಗಬಾರದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಆದರೆ ಒಂದು ಪ್ರಶ್ನೆ ಉಳಿದಿತ್ತು. ಈ ಕ್ರಿಮಿ ನಮ್ಮ ದೇಶದಲ್ಲಿ ಬಹುಮಂದಿಯ ಹೊಟ್ಟೆಯಲ್ಲಿದೆ, ಎಲ್ಲರಿಗೂ ಹುಣ್ಣಾಗುವುದಿಲ್ಲ. ಹಾಗಾದರೆ ಉಳಿದವರನ್ನು ಕಾಯುವುದು ಯಾವುದು? ಇದನ್ನು ಹುಡುಕುತ್ತ ಹೋದವನಿಗೆ ಉತ್ತರದ ಒಂದು ಎಳೆ ಸಿಕ್ಕಿದ್ದು, ನಾನಿರುವ ಊರಿನಲ್ಲಿಯೇ. ಮೈಸೂರಿನವರು ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರಿದ್ದರು. ತಾವು ಕಂಡ ಹುಣ್ಣಿನ ರೋಗಿಗಳ ವಿಚಾರ ಅವರನ್ನು ಊರಿಗೆ ಹೋದಮೇಲೂ ಬಿಡಲಿಲ್ಲ. ಭಾರತ, ಬಾಂಗ್ಲಾದೇಶಗಳ ಆಸ್ಪತ್ರೆಗಳ ಅಂಕಿಗಳನ್ನು ಕೂಡಿಸಿ 1979ರಲ್ಲಿ ಅವರೊಂದು ದೀರ್ಘ ಲೇಖನ ಪ್ರಕಟಿಸಿದರು. ತೆಂಕಣದ ಅಕ್ಕಿಯ ಸೀಮೆಗಳಲ್ಲಿ ಕರುಳಿನ ಮೊದಲ ಭಾಗದ ಹುಣ್ಣು ಹೆಚ್ಚು. ಗೋಧಿಯನ್ನು ತೌಡುಸಹಿತ ಬೀಸಿ ತಿನ್ನುವ ಪಂಜಾಬಿನ ಕಡೆ ಕಡಮೆ. ಕೆಲವು ಕಿರುಧಾನ್ಯಗಳನ್ನೂ ಬೇಳೆಕಾಳುಗಳನ್ನೂ ನಿತ್ಯ ಉಣ್ಣುವಲ್ಲಿಯೂ ಕಡಮೆ. ಊಟದಲ್ಲಿ ಏನೋ ರಕ್ಷೆಯಿದೆಯೆಂದು ಅವರು ಊಹಿಸಿದರು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಯರಾಜ್ ಮೊದಲಾದವರೊಡನೆ ಆ ಧಾನ್ಯಗಳ ಸಾರಗಳನ್ನು ಇಲಿಗಳಲ್ಲಿ ಪರೀಕ್ಷಿಸಿದರು. ರಕ್ಷೆಯಿದ್ದದ್ದು ಕಾಳಿನ ಎಣ್ಣೆಯಂಶದಲ್ಲಿ. ಅದು ನೋವಿನ ಮಾತ್ರೆಗಳು ಮಾಡುವ ಹುಣ್ಣನ್ನು ಸಹ ತಡೆಯುತ್ತಿತ್ತು. ಅವುಗಳಲ್ಲಿ ಬಹಳ ಬಲವಾಗಿ ಕಾದದ್ದು ಯಾವ ಕಾಳಿನದೆಂದು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

ಹುರುಳಿ!

ಅದರ ಎಣ್ಣೆಯನ್ನು ಬಿಡಿಸಿ ನೋಡಿದಾಗ, ಗುಣವಿದ್ದದ್ದು ಲೆಸಿಥಿನ್ ಮೊದಲಾದ ಫಾಸ್ಫೊಲಿಪಿಡ್‌ಗಳಲ್ಲಿ ಮತ್ತು ಬೀಟಾ ಸಿಟೊಸ್ಟೆರಾಲ್‌ನಂಥ ಸ್ಟೆರಾಲ್‌ಗಳಲ್ಲಿ. ಜಠರದ ಒಳಗೋಡೆಗೂ ಇಂಥ ಫಾಸ್ಫೊಲಿಪಿಡ್ಡಿನ ತೆಳುವಾದ ಲೇಪವಿರುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಕೆಸುವಿನ ಎಲೆಯ ಮೇಲೆ ಎಂಥ ಮಳೆ ಸುರಿದರೂ ನೀರು ಮುತ್ತಾಗಿ ಉರುಳಿಹೋಗುತ್ತದಲ್ಲ, ಹಾಗೆ ಆಮ್ಲ ಆ ಗೋಡೆಗೆ ಅಂಟದೆ ಜಾರುತ್ತದೆ.

ಇನ್ನೊಂದು ವಿನೋದವನ್ನೂ ಹೇಳಬೇಕು. ಬಾಳೆಕಾಯಿಯ ಪುಡಿ ಇಲಿಗಳ ಜಠರವನ್ನು ಹುಣ್ಣಿನಿಂದ ಕಾಯುತ್ತದೆಂದು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಸಾನ್ಯಾಲ್, ಗೋಯೆಲ್ ಮೊದಲಾದವರು ತೋರಿಸಿದ್ದಾರೆ. ಅದರ ಸತ್ತ್ವ ಲ್ಯೂಕೊಸಯನಿಡಿನ್ ಎಂದು 1999ರಲ್ಲಿ ಇಂಗ್ಲೆಂಡಿನವರು ಹೆಸರಿಸಿದರು. ಆದರೆ ಬಾಳೆಕಾಯಿಯನ್ನೇ ಅನ್ನದಂತೆ ದಿನವೂ ಉಣ್ಣುವ ನಾಡುಗಳನ್ನು ಟೋವಿಯವರು ಹುಣ್ಣು ಹೆಚ್ಚಿರುವ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇಲಿಗೆ ಕೊಟ್ಟ ಪುಡಿ ಬೇರೆ, ಮನುಷ್ಯನ ತಟ್ಟೆಯಲ್ಲಿ ಬೆಂದು ಬಿದ್ದ ಕಾಯಿ ಬೇರೆ. ಮೊದಲಿನ ನಾನಾಗಿದ್ದರೆ ಮರುದಿನವೇ ಬಾಳೆಕಾಯಿಯ ಪುಡಿಯನ್ನು ಕಟ್ಟಿಕೊಂಡು ವಸ್ತಾರೆಗೆ ಹೊರಡುತ್ತಿದ್ದೆ.

ಈ ಸಲ ನಾನು ಯಾವ ಪುಡಿಯನ್ನೂ ಒಯ್ಯಲಿಲ್ಲ. ಹುರುಳಿ ತಿನ್ನಬಹುದೇ ಎಂದು ಮೊದಲು ವೈದ್ಯರನ್ನು ಕೇಳಿದೆ. "ಊಟದ ಪದಾರ್ಥ ತಾನೇ, ತಿನ್ನಲಿ. ಮಾತ್ರೆ ಬಿಡಬಾರದು, ಒತ್ತಡ ಅಳೆಸುತ್ತಿರಬೇಕು" ಎಂದರು. ಊರಿಗೆ ಹೋಗಿ, ಅಡಿಗೆಮನೆಯ ಸರ್ವಾಧಿಕಾರಿಣಿಯಾದ ಸೋದರತ್ತೆಯವರ ಮುಂದೆ ಲಂಡನ್ನಿನ ಇಲಿಗಳ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಅತ್ತೆ ಒಲೆಯ ಮುಂದಿನಿಂದ ಏಳದೆಯೇ ಕೇಳಿಸಿಕೊಂಡರು.

"ಅಲ್ಲ ಕಣೋ, ಹುರುಳಿಕಟ್ಟಿನ ಸಾರು ಈ ಮನೇಲಿ ವಾರಕ್ಕೆರಡು ದಿನ ಆಗುತ್ತೆ. ನಿಮ್ಮಜ್ಜನ ಕಾಲದಿಂದಲೂ ಆಗುತ್ತೆ. ಅದೇ ಔಷಧ ಆಗಿದ್ದರೆ ಅವರಿಗೆ ಯಾಕೆ ಹುಣ್ಣಾಯಿತು?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಿತ್ತಿಲಿಗೆ ಹೋದೆ. ಒಲೆಯ ಮೇಲೆ ಹಂಡೆಯಲ್ಲಿ ಹುರುಳಿ ಕುದಿಯುತ್ತಿತ್ತು. ನಮ್ಮ ಮನೆಯ ಪದ್ಧತಿ ಏನೆಂದರೆ, ಕಡೂರಿನ ಕಡೆಯಿಂದ ಬಂದ ಹುರುಳಿಯನ್ನು ಹಂಡೆಗೆ ಹಾಕಿ ಚೆನ್ನಾಗಿ ಬೇಯಿಸುವುದು. ಮೇಲಿನ ಕಟ್ಟನ್ನು ಬಸಿದು ಸಾರಿಗೆ ಒಯ್ಯುವುದು. ಬೆಂದ ಕಾಳನ್ನೆಲ್ಲ ಕರೆಯುವ ಹಸುವಿಗೆ ಇಡುವುದು. ಎಣ್ಣೆಯಂಶ ನೀರಿಗೆ ಇಳಿಯುವುದು ಅಲ್ಪ. ಅದು ಉಳಿಯುವುದು ಕಾಳಿನಲ್ಲಿಯೇ. ಮೂರು ತಲೆಮಾರಿನಿಂದ ನಾವು ಬಿಳಿಯ ಅನ್ನಕ್ಕೆ ಹುರುಳಿಯ ನೀರನ್ನು ಕಲಸಿಕೊಂಡು ಉಂಡು, ಅದರ ಹುರುಳನ್ನೆಲ್ಲ ಕೊಟ್ಟಿಗೆಗೆ ಕಳಿಸಿದ್ದೆವು. ನಮ್ಮ ಕೊಟ್ಟಿಗೆಯಲ್ಲಿ ಯಾವ ಹಸುವೂ ಹೊಟ್ಟೆಯನ್ನು ಒತ್ತಿಕೊಂಡು ಕಂಬಕ್ಕೊರಗಿದ್ದನ್ನು ಯಾರೂ ಕಂಡಿಲ್ಲ.

ಇದನ್ನು ಹೇಳಿದಾಗ ಅತ್ತೆ ಮೊದಲ ಸಲ ನನ್ನ ಮುಖವನ್ನು ನೋಡಿದರು. ಬಹಳ ಹೊತ್ತಾದ ಮೇಲೆ, "ಕಾಳು ತಿಂದರೆ ವಾಯು" ಎಂದಷ್ಟೇ ಅಂದರು. ಆದರೂ ಅಂದು ರಾತ್ರಿ ತಂದೆಯವರ ತಟ್ಟೆಗೆ ಕೆಂಪಕ್ಕಿಯ ಅನ್ನದ ಪಕ್ಕದಲ್ಲಿ ಒಂದು ಸೌಟು ಕಾಳಿನ ಪಲ್ಯ ಬಿತ್ತು. ತಂದೆಯವರು ನನ್ನ ಕಡೆ ಒಮ್ಮೆ ನೋಡಿ, "ಇದು ಎಷ್ಟು ತಿಂಗಳು?" ಎಂದು ಕೇಳಿದರು. ಮಾತಿನಲ್ಲಿ ಕಹಿಯಿರಲಿಲ್ಲ. ನಾನು ತಟ್ಟೆಯ ಮೇಲೆ ತಲೆ ಬಗ್ಗಿಸಿದೆ.

ಬೆಳಗ್ಗೆ ಎದ್ದಾಗ ಕಾಫಿಯ ಘಮ ಹಿತ್ತಿಲವರೆಗೂ ಬಂದಿತ್ತು. ತಂದೆಯವರು ಜಗಲಿಯಲ್ಲಿ ಕುಳಿತು, ವೈದ್ಯರ ಅಪ್ಪಣೆ ಪಡೆದ ಒಂದು ಲೋಟವನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು ಆರಲು ಬಿಡದೆ ಕುಡಿಯುತ್ತಿದ್ದರು. ಹಿತ್ತಿಲಿನಲ್ಲಿ ಅತ್ತೆ ಹಂಡೆಯ ಬಾಯಿ ತೆಗೆದು ಕಾಳನ್ನು ಎರಡು ಪಾಲು ಮಾಡುತ್ತಿದ್ದರು. ಹಸು ಗೋದಲಿಯಿಂದ ಕತ್ತು ಚಾಚಿ ತನ್ನ ಬಾನಿಯನ್ನೊಮ್ಮೆ, ಅತ್ತೆಯವರ ಪಾತ್ರೆಯನ್ನೊಮ್ಮೆ ನೋಡಿತು.